ಹದಿನೆಂಟು ಗೇಜಿನ ತಗಡು

ಹಳೆಯ ಜೀಪೊಂದು ಮನೆಯಲ್ಲಿದೆಯೆಂದು ತಿಳಿದೊಡನೆ ನಮ್ಮ ಜನ ಕೇಳುವ ಪ್ರಶ್ನೆಗಳು ಮೂರು. ಎಷ್ಟು ವರ್ಷದ್ದು? ಇಂಜಿನು ಹೇಗಿದೆ? ಕೊಡುತ್ತೀರಾ? ಈ ಮೂರಕ್ಕೂ ಉತ್ತರ ಹೇಳಿ ಹೇಳಿ ನನ್ನ ನಾಲಿಗೆಗೆ ಅಭ್ಯಾಸವಾಗಿಹೋಗಿದೆ. "ತಗಡು ಹೇಗಿದೆ?" ಎಂದು ಕೇಳುವ ಪುಣ್ಯಾತ್ಮನೊಬ್ಬ ಎಂದಾದರೂ ಬಂದಾನೆಂದು ಕಾದೆ, ಇದುವರೆಗೆ ಬಂದಿಲ್ಲ. ಅನಾರೋಗ್ಯದ ಮನುಷ್ಯನನ್ನು ನೋಡಲು ಹೋದವರು ಎದೆ ಹೇಗಿದೆ, ಹೊಟ್ಟೆ ಹೇಗಿದೆ ಎಂದು ವಿಚಾರಿಸುತ್ತಾರೆಯೇ ಹೊರತು ಚರ್ಮ ಹೇಗಿದೆಯೆಂದು ಯಾರು ಕೇಳುತ್ತಾರೆ? ಆದರೆ ಜೀಪು ಮನುಷ್ಯನಲ್ಲ. ಅದಕ್ಕೆ ಎದೆಯ ರೋಗದಿಂದ ಮರಣವಿಲ್ಲ. ಪಿಸ್ಟನ್ನು, ರಿಂಗು, ಬೇರಿಂಗುಗಳು ಹುಡುಕಿದರೆ ಇಂದಿಗೂ ಸಿಕ್ಕುತ್ತವೆ. ಸಿಕ್ಕದಿದ್ದರೆ ಲೇತಿನವನು ಮಾಡಿಕೊಡುತ್ತಾನೆ. ಜೀಪು ಸಾಯುವುದು ಚರ್ಮದ ರೋಗದಿಂದ. ಅದರಲ್ಲಿಯೂ ಜೂನ್ ತಿಂಗಳಲ್ಲಿ ಹಿಡಿದ ಮಳೆ ನವರಾತ್ರಿಯವರೆಗೆ ಬಿಡದ ನಮ್ಮ ಮಲೆನಾಡಿನಲ್ಲಿ ಆ ರೋಗಕ್ಕೆ ಹಬ್ಬದೂಟ.

ನಮ್ಮ ಜೀಪು ಬಂದದ್ದು 1962ರಲ್ಲಿ. ಅಪ್ಪಯ್ಯನಿಗೆ ಆ ವರ್ಷ ಅಡಕೆಯ ಧಾರಣೆ ಕೈಹಿಡಿದಿತ್ತು. ಅದರ ನೋಂದಣಿಯ ಪುಸ್ತಕದಲ್ಲಿರುವುದು ಮೈಸೂರು ರಾಜ್ಯದ ಹೆಸರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ, ಆ ಹೊತ್ತಿಗೆ ನಮ್ಮ ಜೀಪಿಗೆ ಉಪನಯನದ ವಯಸ್ಸು ದಾಟಿತ್ತು. ಹೆರಿಗೆಗೆ ಹೊರಟ ಹೆಂಗಸರು, ಹಾವು ಕಚ್ಚಿದವರು, ಮದುವೆಯ ಪಾತ್ರೆಗಳು, ಗೊಬ್ಬರದ ಮೂಟೆಗಳು, ಚುನಾವಣೆಯ ಮತಪೆಟ್ಟಿಗೆಗಳು — ಇವೆಲ್ಲವೂ ಅದರಲ್ಲಿ ಕೂತು ಘಟ್ಟದ ಹಾದಿಯನ್ನು ಹತ್ತಿ ಇಳಿದಿವೆ. ಊರಿನ ಅರ್ಧ ಜನ ಅದನ್ನು ತಮ್ಮದೆಂದೇ ಭಾವಿಸಿದ್ದಾರೆ. ಅದರ ತುಕ್ಕು ಮಾತ್ರ ನನ್ನೊಬ್ಬನದು.

ಸಿ.ಜೆ.-3ಬಿ ಎಂಬುದು ಅದರ ಜಾತಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಸಂಸ್ಥೆಗಳು ಸೇರಿ 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ಮಾಡಿದವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದಲೇಬೇಕೆಂಬುದು ಸೈನ್ಯದ ಕಟ್ಟಪ್ಪಣೆ. ಫೋರ್ಡಿನವರು ಅಪ್ಪಣೆಯನ್ನು ಪಾಲಿಸಿದರು. ಆದರೆ ತಮ್ಮ ಒಂದೊಂದು ಬೋಲ್ಟಿನ ತಲೆಯ ಮೇಲೂ 'ಎಫ್' ಎಂಬ ಅಕ್ಷರವನ್ನು ಒತ್ತಿ ಸಮಾಧಾನಪಟ್ಟುಕೊಂಡರು. ಯುದ್ಧ ಮುಗಿದ ಮೇಲೆ ಮಿಗತೆಯಾದ ಜೀಪುಗಳು ನಾಡುನಾಡುಗಳಲ್ಲಿ ಹರಾಜಾದವು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆ 1947ರಿಂದೀಚೆಗೆ ಅಮೆರಿಕದಿಂದ ಬಿಡಿಯಾಗಿ ತರಿಸಿದ ಭಾಗಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. 1945ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಸಂಸ್ಥೆಯದು. ಹೀಗಾಗಿ ತಗಡಿಗೂ ಜೀಪಿಗೂ ನಮ್ಮ ದೇಶದಲ್ಲಿ ಬೀಗತನ ಮೊದಲಿನಿಂದಲೂ ಉಂಟು.

ಯುದ್ಧದ ಜೀಪಿಗೂ ನಮ್ಮ ಜೀಪಿಗೂ ಮುಖದಲ್ಲಿ ವ್ಯತ್ಯಾಸವಿದೆ. 1953ರಲ್ಲಿ ಹೊರಬಂದ 3ಬಿ ಮಾದರಿಗೆ ಹೊಸ ಇಂಜಿನನ್ನು ಕೂರಿಸಿದರು. ಅದರಲ್ಲಿ ಗಾಳಿ ಒಳಗೆಳೆಯುವ ವಾಲ್ವುಗಳು ತಲೆಯ ಮೇಲೆ ಬಂದುವಾದ್ದರಿಂದ ಇಂಜಿನಿನ ಎತ್ತರ ಬೆಳೆಯಿತು. ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಳಿಯನ ಎತ್ತರಕ್ಕೆ ತಕ್ಕಂತೆ ಬಾಗಿಲು ಎತ್ತರಿಸಿದ ಮಾವನ ಮನೆಯಂತೆ. ನೋಡುವವರಿಗೆ ಅದು ತುಸು ಗರ್ವದ ಮುಖವಾಗಿ ಕಾಣುತ್ತದೆ. ಈ ವಿವರ ನೀರಸವೆನಿಸಬಹುದು. ಆದರೆ ಬಿಡಿಭಾಗಕ್ಕೆ ಅಲೆಯುವವನಿಗೆ ಇದೇ ವೇದವಾಕ್ಯ. "ಒರಿಜಿನಲ್ ಜೀಪಿನ ಗ್ರಿಲ್ಲು, ಮಿಲಿಟರಿ ಮಾಲು" ಎಂದು ವರ್ತಕನೊಬ್ಬ ನನಗೆ ತೋರಿಸಿದ್ದರಲ್ಲಿ ಒಂಬತ್ತು ಸೀಳುಗಳಿದ್ದವು. ಯುದ್ಧದ ಜೀಪಿಗೆ ಒಂಬತ್ತು, ನಾಗರಿಕ ಜೀಪಿಗೆ ಏಳು. ಸೀಳಿನ ಲೆಕ್ಕ ಹಾಗಿರಲಿ, ನಮ್ಮ ಬಾನೆಟ್ಟಿನ ಕೆಳಗೆ ಅದನ್ನಿಟ್ಟಿದ್ದರೆ ಮಧ್ಯದಲ್ಲಿ ಬೆಕ್ಕು ನುಸುಳುವಷ್ಟು ಸಂದು ಉಳಿಯುತ್ತಿತ್ತು. "ಮೇಲೊಂದು ಪಟ್ಟಿ ಹೊಡೆದರಾಯಿತು" ಎಂದು ಆತ ಧೈರ್ಯ ಹೇಳಿದ. ನಮಸ್ಕಾರ ಹೇಳಿ ಬಂದೆ.

ರೋಗ ಎಲ್ಲಿ ಹುಟ್ಟಿತೆಂಬುದನ್ನು ಹೇಳಬೇಕು. ಹೊರಗೆ ಕಾಣುವ ತುಕ್ಕು ಕಳ್ಳನಲ್ಲ. ಮುಂಬಾಗಿಲಿನಿಂದ ಬರುವ ನೆಂಟ. ನಿಜವಾದ ಕಳ್ಳನ ವಾಸ ಎರಡು ತಗಡುಗಳ ನಡುವಿನ ಸಂದಿಯಲ್ಲಿ. ಜೀಪಿನಲ್ಲಿ ಪೆಟ್ರೋಲಿನ ತೊಟ್ಟಿ ಇರುವುದು ಚಾಲಕನ ಆಸನದ ಕೆಳಗೆ. ತೊಟ್ಟಿಗೂ ನೆಲಕ್ಕೂ ನಡುವೆ ಬೆರಳಿನಷ್ಟು ಜಾಗ. ಅಲ್ಲಿ ತರಗೆಲೆ, ಧೂಳು, ಅಡಕೆಯ ಸಿಪ್ಪೆ ಸೇರಿಕೊಳ್ಳುತ್ತವೆ. ಮಳೆಯ ನೀರು ಇಳಿದು ಅವು ಒದ್ದೆಯಾಗುತ್ತವೆ. ಒಮ್ಮೆ ಒದ್ದೆಯಾದರೆ ಮುಂದಿನ ಮಾಘದವರೆಗೆ ಒಣಗುವ ಮಾತಿಲ್ಲ. ನೆಲದ ಅಡಿಯಲ್ಲಿ ಬಲಕ್ಕೆಂದು ಅಡ್ಡಲಾಗಿ ಕೂರಿಸಿದ ಟೋಪಿಯಾಕಾರದ ಪಟ್ಟಿಗಳದೂ ಇದೇ ಕಥೆ. ಯುದ್ಧದ ಜೀಪುಗಳಲ್ಲಂತೂ ಆ ಪಟ್ಟಿಗಳೊಳಗೆ ಮರದ ತುಂಡುಗಳನ್ನು ತುಂಬಿದ್ದರು. ಮರ ನೀರು ಕುಡಿಯಿತು, ಕಬ್ಬಿಣಕ್ಕೆ ಕುಡಿಸಿತು. ಮೂರು ನಾಲ್ಕು ವರ್ಷ ಬಾಳಿದರೆ ಸಾಕೆಂದು ಯುದ್ಧಕ್ಕಾಗಿ ಮಾಡಿದ ವಾಹನವದು. ಎಂಬತ್ತು ವರ್ಷಗಳಾದ ಮೇಲೆಯೂ ಅದನ್ನು ಓಡಿಸುವ ಹುಚ್ಚರಿರುತ್ತಾರೆಂದು ಅದರ ಇಂಜಿನಿಯರುಗಳಿಗೆ ಹೇಗೆ ತಿಳಿಯಬೇಕು?

ನಾಲ್ಕು ವರ್ಷಗಳ ಹಿಂದಿನ ದೀಪಾವಳಿಯಲ್ಲಿ, ವಾಹನಪೂಜೆಗೆಂದು ಜೀಪನ್ನು ತೊಳೆಸುವಾಗ ಆಳು ಒತ್ತಿ ಉಜ್ಜಿದ ಬ್ರಷ್ಷು ನೆಲವನ್ನು ತೂರಿಕೊಂಡು ಕೆಳಗೆ ಬಿತ್ತು. ಎಡಬದಿಯ ನೆಲ, ಪರಿಕರಗಳನ್ನಿಡುವ ಪೆಟ್ಟಿಗೆ, ಹಿಂಬದಿಯ ಬಾಗಿಲು, ಎಡ ಮಡ್‌ಗಾರ್ಡಿನ ಬುಡ — ಇಷ್ಟು ಹೋಗಿದ್ದವು. ಬಲಬದಿಯ ನೆಲ ಹೋಗುವ ದಾರಿಯಲ್ಲಿತ್ತು.

ಬೆಂಗಳೂರಿನಲ್ಲಿರುವ ನನ್ನ ಅಣ್ಣ ವ್ಯವಹಾರಸ್ಥ. ಅವನ ತೀರ್ಪು ಒಂದೇ ಮಾತಿನದು: "ಇಡೀ ಬಾಡಿಯನ್ನೇ ಹೊಸದು ಹಾಕಿಸು." ಅವನ ಮಾತು ಗಾಳಿಗೋಪುರವಲ್ಲ. ಫಿಲಿಪ್ಪೀನ್ಸಿನಲ್ಲಿ ಯುದ್ಧದ ಜೀಪಿನ ಇಡಿಯ ಮೈಯನ್ನು ಹೊಸದಾಗಿ ಮಾಡಿ ಲೋಕಕ್ಕೆಲ್ಲ ಕಳುಹಿಸುವವರಿದ್ದಾರೆ. ಮಿಗತೆಯ ಜೀಪುಗಳನ್ನು ಉದ್ದ ಮಾಡಿ 'ಜೀಪ್ನಿ' ಎಂಬ ಬಸ್ಸುಗಳನ್ನು ಕಟ್ಟಿದ ನಾಡದು. ತಗಡು ಬಡಿಯುವ ಕೈ ಅಲ್ಲಿ ಒಣಗಲಿಲ್ಲ. ನಮ್ಮಲ್ಲಿಯೂ ಹರಿಯಾಣದ ಮಂಡಿ ಡಬವಾಲಿ ಎಂಬ ಊರು ಗುಜರಿಯ ಭಾಗಗಳಿಂದ ಜೀಪು ಕಟ್ಟುವುದಕ್ಕೇ ಹೆಸರಾದದ್ದು. ಹಣ ಕೊಟ್ಟರೆ ಥಳಥಳಿಸುವ ಮೈ ಬರುತ್ತದೆ, ನಿಜ. ಬಂದ ಮೇಲೆ ನಮ್ಮ ಮನೆಯ ಮುಂದೆ ನಿಲ್ಲುವುದು ಯಾರ ಜೀಪು? ಚಾಸಿಯ ಮೇಲಿನ ಸಂಖ್ಯೆ ನಮ್ಮದು. ಅಪ್ಪಯ್ಯ ಕೈಯೂರಿ ಹತ್ತುತ್ತಿದ್ದ ಅಂಚು ನಮ್ಮದಲ್ಲ.

ಇದು ಕೇವಲ ಭಾವುಕತೆಯೆಂದು ಅಣ್ಣ ನಕ್ಕ. ಸರ್ಕಾರವೂ ಇಂಥ ಭಾವುಕತೆಗೆ ಒಳಗಾಗಿದೆಯೆಂದು ಆಗ ಅವನಿಗೆ ತೋರಿಸಿದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ಹೊಸ ವಿಧಿಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ವಾಹನಕ್ಕೆ 'ವಿಂಟೇಜ್' ಎಂಬ ಬಿರುದು ದೊರೆಯಬಹುದು. ಆದರೆ ಅದು ಮೂಲರೂಪದಲ್ಲಿರಬೇಕು, ಚಾಸಿ, ಮೈಯ ಕವಚ, ಇಂಜಿನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಕೂಡದು. ಆ ಬಿರುದನ್ನು ನಾನು ಬೇಡಿ ಹೋಗಿಲ್ಲ. ಬಿರುದು ಪಡೆದ ವಾಹನವನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲಿಗೆ ಒಯ್ಯಬಹುದೇ ವಿನಾ ದಿನನಿತ್ಯದ ಕೆಲಸಕ್ಕೆ ಓಡಿಸುವಂತಿಲ್ಲ. ನಮ್ಮ ಜೀಪು ಇನ್ನೂ ಗೊಬ್ಬರ ಹೊರುತ್ತದೆ. ಅದಕ್ಕೆ ಪಿಂಚಣಿಯ ವಯಸ್ಸು ಬಂದಿಲ್ಲವೆಂದು ನನ್ನ ಅಭಿಪ್ರಾಯ.

ಹಾಗಾದರೆ ತುಂಡುತುಂಡಾಗಿ ತಗಡನ್ನು ಹುಡುಕಬೇಕು. ಬೆಂಗಳೂರಿನ ಜಯಚಾಮರಾಜೇಂದ್ರ ರಸ್ತೆಯಲ್ಲಿ ಎರಡು ದಿನ ಅಲೆದೆ. ದೀಪ, ರಬ್ಬರು, ಬ್ರೇಕಿನ ಸಾಮಾನುಗಳು ದೊರೆತವು. ತಗಡಿನ ವಿಷಯ ಎತ್ತಿದರೆ ಅಂಗಡಿಯವರು ವಿಷಾದದ ನಗೆ ನಕ್ಕು ಚಹಾ ತರಿಸುತ್ತಿದ್ದರು. ಬೇರೊಂದು ಪಟ್ಟಣದ ಅಂಗಡಿಯಿಂದ ಎಡ ಮಡ್‌ಗಾರ್ಡೊಂದು ಪಾರ್ಸಲಿನಲ್ಲಿ ಬಂತು. ಕಪ್ಪು ಬಣ್ಣ ಬಳಿದು ಮದುಮಗನಂತೆ ಇತ್ತು. ಬೋಲ್ಟಿನ ಐದು ತೂತುಗಳಲ್ಲಿ ಎರಡು ಮಾತ್ರ ಹೊಂದಿದವು. ಹೆಬ್ಬೆರಳಿನಿಂದ ಒತ್ತಿದರೆ ತಗಡು 'ಟೊಕ್' ಎಂದು ಒಳಗೆ ಹೋಗಿ, ಬಿಟ್ಟರೆ 'ಟೊಕ್' ಎಂದು ಹೊರಗೆ ಬರುತ್ತಿತ್ತು. ಕಾರ್ಖಾನೆಯಿಂದ ಬಂದ ಮೈ 18 ಗೇಜಿನದು, ಎಂದರೆ ಸುಮಾರು 1.2 ಮಿಲಿಮೀಟರ್ ದಪ್ಪ. ಇದು 20 ಗೇಜಿನದು, ಒಂದು ಮಿಲಿಮೀಟರಿಗೂ ಕಡಿಮೆ. ಗೇಜಿನ ಲೆಕ್ಕದಲ್ಲಿ ಅಂಕಿ ಹೆಚ್ಚಿದಷ್ಟೂ ಸರಕು ತೆಳ್ಳಗೆ. ಲೋಕದಲ್ಲಿ ಬೇರೆ ಕೆಲವು ವಿಷಯಗಳಲ್ಲಿಯೂ ಹೀಗೆಯೇ ಎಂದು ಕಾಣುತ್ತದೆ. ಮಾರಿದವರು ಹಿಂದಕ್ಕೆ ಪಡೆಯಲಿಲ್ಲ. ಅದೀಗ ಕೊಟ್ಟಿಗೆಯಲ್ಲಿ ಕರುವಿಗೆ ಹಿಂಡಿಯ ತಟ್ಟೆಯಾಗಿದೆ, ಕರುವಿನಿಂದ ದೂರಿಲ್ಲ.

ಹಿಂಬದಿಯ ಬಾಗಿಲು ಸಿಕ್ಕಿದ ಬಗೆ ವಿಚಿತ್ರ. ಮಲೆನಾಡಿನಲ್ಲಿ ಯಾವ ವಸ್ತುವೂ ಸಾಯುವುದಿಲ್ಲ, ಬೇರೆ ಉದ್ಯೋಗಕ್ಕೆ ಹೋಗುತ್ತದೆ. ನಾಲ್ಕು ಮೈಲಿ ಆಚೆಯ ತೋಟವೊಂದರಲ್ಲಿ ಕೋಳಿಗೂಡಿನ ಬಾಗಿಲಿಗೆ ಸರಪಳಿ ಹಾಕುವ ಕೊಂಡಿಗಳಿರುವುದನ್ನು ಕಂಡೆ. ಕೋಳಿಗಳಿಗೆ ಅಂಥ ಭದ್ರತೆ ಏಕೆಂದು ಬಗ್ಗಿ ನೋಡಿದರೆ, ಅದು ಜೀಪಿನ ಹಿಂಬಾಗಿಲು! ಜೇಬಿನಿಂದ ಅಯಸ್ಕಾಂತದ ಚೂರನ್ನು ತೆಗೆದು ಉದ್ದಕ್ಕೂ ಹಿಡಿದೆ. ಹಳೆಯ ತಗಡು ಕೊಳ್ಳಲು ಹೊರಟವನ ಬಳಿ ಹಣಕ್ಕಿಂತ ಮೊದಲು ಇರಬೇಕಾದದ್ದು ಅಯಸ್ಕಾಂತ. ಒಳಗಿನ ಕಬ್ಬಿಣ ಹೋಗಿ ಮೇಲೆ ಪುಟ್ಟಿ ಮೆತ್ತಿದ್ದರೆ ಅಲ್ಲಿ ಅಯಸ್ಕಾಂತ ಜಾರಿ ಬೀಳುತ್ತದೆ. ಬಣ್ಣಕ್ಕೆ ಮನುಷ್ಯ ಮೋಸಹೋಗಬಹುದು, ಅದು ಹೋಗುವುದಿಲ್ಲ. ಈ ಬಾಗಿಲಿಗೆ ಅದು ಎಲ್ಲೆಡೆಯೂ ಕಚ್ಚಿಕೊಂಡಿತು. ತೋಟದ ಯಜಮಾನರು ಹಣ ತೆಗೆದುಕೊಳ್ಳಲಿಲ್ಲ. "ಕೋಳಿಗೆ ಬೇರೆ ಬಾಗಿಲು ಮಾಡಿಸಿಕೊಡಿ, ಸಾಕು" ಎಂದರು. ಹಲಸಿನ ಹಲಗೆಯ ಬಾಗಿಲು ಮಾಡಿಸಿಕೊಟ್ಟೆ.

ಮಿಕ್ಕದ್ದಕ್ಕೆ ಉಳಿದ ದಾರಿ ಸಾಬರು.

ಸಾಬರ ಶೆಡ್ಡು ನಮ್ಮ ಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ ಇದೆ. ವಯಸ್ಸು ಎಪ್ಪತ್ತು ದಾಟಿದೆ. ಒಂದು ಕಾಲಕ್ಕೆ ಟಿಂಕರಿಂಗ್ ಕೆಲಸಕ್ಕೆ ಅವರಲ್ಲಿ ಆರು ಹುಡುಗರಿದ್ದರು, ಈಗ ಅವರೊಬ್ಬರೇ. ಈಗಿನ ವಾಹನಗಳ ಮಡ್‌ಗಾರ್ಡು ನುಗ್ಗಿದರೆ ಬಡಿಯುವವರಿಲ್ಲ, ಬಿಚ್ಚಿ ಎಸೆದು ಹೊಸದನ್ನು ಕಟ್ಟುತ್ತಾರೆ. ಮಗ ಗಲ್ಫ್ ದೇಶದಲ್ಲಿದ್ದಾನೆ. ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆಯಾಗಿದೆ, ಬಲಗೈ ಆಗಾಗ ನಡುಗುತ್ತದೆ; ಸುತ್ತಿಗೆ ಹಿಡಿದರೆ ಮಾತ್ರ ನಡುಗುವುದಿಲ್ಲ.

ಜೀಪನ್ನು ಸುತ್ತು ಹಾಕಿ, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ಸದ್ದಿಗೆ ಕಿವಿಗೊಟ್ಟು ಅವರು ಹೇಳಿದರು: "ಸ್ವಾಮಿ, ಇದನ್ನು ಮಾಡಿದವನು ಬುದ್ಧಿವಂತ. ಅಂಬಾಸಿಡರ್ ಕಾರಿನ ಮಡ್‌ಗಾರ್ಡು ಎರಡೂ ಕಡೆಗೆ ಬಾಗುತ್ತದೆ, ಹೆಂಗಸರ ಹಾಗೆ. ಇದು ಒಂದೇ ಕಡೆಗೆ ಬಾಗುತ್ತದೆ. ಒಂದು ಕಡೆಗೆ ಬಾಗುವ ತಗಡನ್ನು ಯಾರೂ ಮಾಡಬಹುದು."

ಹೋಲಿಕೆಯ ಔಚಿತ್ಯವನ್ನು ವಾಚಕರು ಕ್ಷಮಿಸಬೇಕು. ಆದರೆ ಶಿಲ್ಪಶಾಸ್ತ್ರದ ಒಂದು ಅಧ್ಯಾಯವೇ ಆ ಮಾತಿನಲ್ಲಿ ಅಡಗಿದೆ. ಕಾಗದವನ್ನು ಸುರುಳಿ ಸುತ್ತಬಹುದು, ಮಡಿಸಬಹುದು. ಚೆಂಡಿಗೆ ಹೊದಿಸಹೋದರೆ ಸುಕ್ಕುಗಟ್ಟುತ್ತದೆ. ತಗಡಿನದೂ ಅದೇ ಸ್ವಭಾವ. ಎರಡು ದಿಕ್ಕಿಗೆ ಬಾಗಬೇಕಾದರೆ ಅದನ್ನು ಎಲ್ಲಿಯಾದರೂ ಹಿಗ್ಗಿಸಬೇಕು, ಎಲ್ಲಿಯಾದರೂ ಕುಗ್ಗಿಸಬೇಕು. ಅದಕ್ಕೆ ದೊಡ್ಡ ಅಚ್ಚು, ದೊಡ್ಡ ಒತ್ತುಯಂತ್ರ, ಇಲ್ಲವೇ ದೊಡ್ಡ ಕೈ ಬೇಕು. ಜೀಪಿನ ಮೈಯಲ್ಲಿ ಬಹುಪಾಲು ಸಪಾಟು ತಗಡು, ಮಡಿಕೆ, ಸುರುಳಿ — ಇಷ್ಟೇ. ಬಾನೆಟ್ಟಿನ ಮೂಲೆಗಳು ಮತ್ತು ಇನ್ನು ಕೆಲವು ಅಂಚುಗಳು ಮಾತ್ರ ಕಠಿಣ. ಕಾರ್ಖಾನೆ ಮುಚ್ಚಿದರೂ, ಅಚ್ಚುಗಳು ಕರಗಿಹೋದರೂ, ಸುತ್ತಿಗೆ ಹಿಡಿಯಬಲ್ಲ ಒಬ್ಬ ಮನುಷ್ಯ ಊರಿನಲ್ಲಿರುವವರೆಗೆ ಜೀಪಿಗೆ ಸಾವಿಲ್ಲ. ಆ ಒಬ್ಬ ಮನುಷ್ಯನಿಗೆ ಎಪ್ಪತ್ತು ದಾಟಿತ್ತೆಂಬುದೇ ನನ್ನ ಚಿಂತೆ.

ಕೆಲಸ ಮೊದಲಾದದ್ದು ಕತ್ತರಿಯಿಂದಲ್ಲ, ಕಾಗದದಿಂದ. ಸಾಬರು ಕಂದು ಕಾಗದವನ್ನು ನೆಲದ ಮೇಲೆ ಹಾಸಿ, ಉಳಿದ ಅಂಚುಗಳ ಗುರುತನ್ನು ಸೀಸದಕಡ್ಡಿಯಿಂದ ತೆಗೆದರು. ಮಡಿಸುವಲ್ಲಿ ತಗಡು ಎಷ್ಟು ನುಂಗುತ್ತದೆಯೋ ಅಷ್ಟನ್ನು ಲೆಕ್ಕಕ್ಕೆ ಸೇರಿಸಿದರು. ಕಾಗದದ ಜೀಪು ಹೊಂದಿದ ಮೇಲೆಯೇ ತಗಡಿನ ಜೀಪು. ತುಕ್ಕು ನಿಂತ ಕಡೆಗೆ ಕೊಯ್ಯಲಿಲ್ಲ. ಅದರಾಚೆ ಎರಡು ಅಂಗುಲ, ಹೊಳೆಯುವ ಕಬ್ಬಿಣ ಕಾಣುವವರೆಗೆ ಕೊಯ್ದರು. "ಹುಳುಕು ಹಲ್ಲಿನ ಪಕ್ಕದ ಹಲ್ಲಿಗೆ ತಂತಿ ಕಟ್ಟಿದರೆ ಅದೂ ಬರುತ್ತದೆ" ಎಂದರು. ತುಕ್ಕು ಹಿಡಿಯದಿರಲೆಂದು ಸತುವು ಬಳಿದ ತಗಡನ್ನೇ ಹಾಕಬಾರದೇಕೆಂದು ಕೇಳಿದೆ. ಬೆಸುಗೆಯ ಉರಿಗೆ ಸತುವಿನ ಹೊಗೆ ಏಳುತ್ತದೆ, ಅದನ್ನು ಕುಡಿದವನಿಗೆ ರಾತ್ರಿ ಚಳಿಜ್ವರ ಗ್ಯಾರಂಟಿ ಎಂದರು. ಪುಸ್ತಕ ತೆಗೆದು ನೋಡಿದೆ. ಮಾತು ಅಕ್ಷರಶಃ ಸತ್ಯ.

ನೆಲದ ತಗಡಿಗೆ ಬಲ ಬರುವುದು ಅದರಲ್ಲಿ ಒತ್ತಿರುವ ಉಬ್ಬುಗೆರೆಗಳಿಂದ. ಅವಿಲ್ಲದಿದ್ದರೆ ನೆಲ ತಮಟೆಯಂತೆ ಬಾರಿಸುತ್ತದೆ. ಕಾರ್ಖಾನೆಯಲ್ಲಿ ಒಂದೇ ಏಟಿಗೆ ಒತ್ತುಯಂತ್ರ ಮಾಡುತ್ತಿದ್ದ ಕೆಲಸವದು. ಸಾಬರು ನನ್ನಿಂದ ಹೊನ್ನೆಮರದ ಹಲಗೆಯೊಂದನ್ನು ತರಿಸಿಕೊಂಡರು. ಹಳೆಯ ಗೆರೆಯ ಅಗಲಕ್ಕೆ, ಆಳಕ್ಕೆ ಸರಿಯಾಗಿ ಅದರಲ್ಲಿ ಕಾಲುವೆ ತೋಡಿದರು. ತಗಡನ್ನು ಮೇಲಿಟ್ಟು, ಮೊಂಡುಮೂತಿಯ ಉಳಿಯನ್ನು ಹಿಡಿದು, ಕಾಲುವೆಯ ಉದ್ದಕ್ಕೂ ಸಣ್ಣ ಸಣ್ಣ ಏಟು. ಒಂದು ಸಲಕ್ಕೆ ಒಂದು ಕೂದಲಿನಷ್ಟು ಆಳ. ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ. ಒಂದು ಗೆರೆಗೆ ಒಂದು ಮಧ್ಯಾಹ್ನ. ನಾನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ತಗಡು ಅಷ್ಟೊಂದು ಏಟುಗಳನ್ನು ತಿಂದರೂ ಎಲ್ಲಿಯೂ ಹರಿಯಲಿಲ್ಲ; ಕಾಲುವೆಗೆ ನೀರು ಇಳಿಯುವ ಹಾಗೆ ಇಳಿಯಿತು.

ಬೆಸುಗೆಯಲ್ಲಿಯೂ ಆತುರವಿಲ್ಲ. ಒಂದೇ ಸಮನೆ ಬೆಸೆಯುತ್ತ ಹೋದರೆ ಕಾವಿಗೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಆದ್ದರಿಂದ ಇಲ್ಲೊಂದು ಚುಕ್ಕೆ, ಅದರಿಂದ ಬಹುದೂರ ಅಲ್ಲೊಂದು ಚುಕ್ಕೆ, ನಡುವೆ ಬೀಡಿ. ಒಂದೆಡೆ ಉಬ್ಬಿ ನಿಂತ ಜಾಗವನ್ನು ಅವರು ಬಡಿದು ತಗ್ಗಿಸಲಿಲ್ಲ. ಉಬ್ಬಿನ ನೆತ್ತಿಯನ್ನು ಕಾಸಿನಗಲ ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಎರಡೇಟು ಹಾಕಿ, ಒದ್ದೆಬಟ್ಟೆ ಒತ್ತಿದರು. 'ಚುಂಯ್' ಎಂದು ಉಬ್ಬು ಕುಗ್ಗಿ ಸಪಾಟಾಯಿತು. ಸಿಟ್ಟಿನವರನ್ನು ತಣಿಸುವ ಉಪಾಯ ಇಷ್ಟು ಸುಲಭವಾಗಿದ್ದರೆ!

ಎಡ ಮಡ್‌ಗಾರ್ಡಿನ ಸರದಿ ಬಂತು. ಬುಡವನ್ನಷ್ಟೇ ಹೊಸದಾಗಿ ಕೂಡಿಸಿ ಹಳೆಯದನ್ನು ಉಳಿಸಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಅದರ ಮೂಗಿನಲ್ಲಿ ಅಂಗೈಯಗಲದ ನುಗ್ಗೊಂದಿದೆ. ನಾನು ಹುಡುಗನಾಗಿದ್ದಾಗ ಅಪ್ಪಯ್ಯ ಗೇಟಿನ ಕಲ್ಲಿಗೆ ತಗುಲಿಸಿದ್ದು. ಅಪ್ಪಯ್ಯ ಹೋಗಿ ಇಪ್ಪತ್ತಾರು ವರ್ಷಗಳಾದವು. ಅವರು ಜೀಪಿನ ಮೇಲೆ ಉಳಿಸಿಹೋದ ಸಹಿಯೆಂದೇ ನಾನು ಆ ನುಗ್ಗನ್ನು ನೋಡುತ್ತಿದ್ದೆ. "ಇದನ್ನು ಎತ್ತಲೋ, ಬಿಡಲೋ?" ಎಂದು ಸಾಬರು ಕೇಳಿದರು. ಬಿಡಿ ಎನ್ನಲು ಬಾಯಿ ತೆರೆದವನು, ಅಮ್ಮನನ್ನು ಒಂದು ಮಾತು ಕೇಳುವುದು ಮರ್ಯಾದೆಯೆಂದು ಮನೆಗೆ ಬಂದೆ.

ಅಮ್ಮನಿಗೆ ಎಂಬತ್ತಾರು. ಜಗಲಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಪ್ರಶ್ನೆ ಕೇಳಿ ನನ್ನ ಮುಖವನ್ನೇ ನೋಡಿದಳು.

"ಎತ್ತಿಸು ಮಾರಾಯಾ. ಆವತ್ತು ನಿನ್ನ ತಂಗಿಗೆ ಜ್ವರ ನೆತ್ತಿಗೇರಿತ್ತು. ಡಾಕ್ಟರ ಹತ್ತಿರ ಹೋಗುವ ಅವಸರದಲ್ಲಿ ನಿನ್ನ ಅಪ್ಪಯ್ಯನ ಕೈ ನಡುಗಿ ಕಲ್ಲಿಗೆ ಹೊಡೆದದ್ದು. ಅದನ್ನು ಕಂಡಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ. ಸರಿ ಮಾಡಿಸಿ ಎಂದು ಅವರಿಗೂ ಹೇಳಿದ್ದೆ. ನೋಡೋಣ ನೋಡೋಣ ಎನ್ನುತ್ತಲೇ ಹೋದರು."

ತಂಗಿ ಈಗ ಸಾಗರದಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡು ಸುಖವಾಗಿದ್ದಾಳೆ. ಮರುದಿನ ಬೆಳಿಗ್ಗೆ ಸಾಬರು ಮರಳಿನ ಚೀಲವನ್ನು ಅಡಿಗೆ ಕೊಟ್ಟು, ಒಳಮೈಯಿಂದ ಮರದ ಕೊಡತಿಯಲ್ಲಿ ಬಡಿದು, ಅರ್ಧ ಗಂಟೆಯಲ್ಲಿ ನುಗ್ಗನ್ನು ಎತ್ತಿಬಿಟ್ಟರು. ಅಂಗೈಯಾಡಿಸಿ ನೋಡಿದೆ. ಎಲ್ಲಿತ್ತೆಂದು ಹೇಳಲಾಗುವುದಿಲ್ಲ. ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವಳೂ ಒಮ್ಮೆ ಕೈಯಾಡಿಸಿದಳು. ಸಾಬರಿಗೆ ಮನೆಯ ಉಪ್ಪಿನಕಾಯಿಯ ಭರಣಿಯೊಂದನ್ನು ಕೊಟ್ಟಳು.

ಈಗ ಎಡಬದಿ ಮುಗಿದು ಕೆಂಪು ಆಕ್ಸೈಡಿನಲ್ಲಿ ನಿಂತಿದೆ. ಸಂದಿಗಳಿಗೆಲ್ಲ ಬಣ್ಣ ಇಳಿಸಿದ್ದಾಯಿತು. ಪರಿಕರಗಳ ಪೆಟ್ಟಿಗೆಗೆ ಹೊಸ ತಳ, ಹಳೆಯ ಮುಚ್ಚಳ. ಕಂದು ಕಾಗದದ ನಮೂನೆಗಳನ್ನು ಸಾಬರು ಸುತ್ತಿ ದಾರ ಕಟ್ಟಿ ನನ್ನ ಕೈಗೇ ಕೊಟ್ಟಿದ್ದಾರೆ. ಶೆಡ್ಡಿನಲ್ಲಿಟ್ಟರೆ ಗೆದ್ದಲು ತಿನ್ನುತ್ತದೆಯೆಂಬುದು ಅವರು ಹೇಳಿದ ಕಾರಣ. ಬೇರೆ ಕಾರಣವನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಟ್ಟದ ಮೇಲೆ ಅಡಕೆಯ ಡಬ್ಬದಲ್ಲಿ ಇರಿಸಿದ್ದೇನೆ. ಬಲಬದಿಯ ನೆಲಕ್ಕೆ ಕೊನೆಕೊಯ್ಲು ಮುಗಿದ ಮೇಲೆ ಕೈಹಾಕುವುದೆಂದು ಮಾತಾಗಿದೆ. ಶಿವಮೊಗ್ಗದಿಂದ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಹಾಳೆ ತರಬೇಕು. 28 ಕಿಲೋ ತೂಗುತ್ತದೆ. ಹದಿನೆಂಟೇ ಗೇಜು ಎಂದು ಎರಡು ಸಲ ಕೇಳಿ ತೆಗೆದುಕೊಳ್ಳಿ, ಬಸ್ಸಿನ ಮೇಲೆ ಹಾಕುವವರು ಸುರುಳಿ ಸುತ್ತಿ ಕೊಡುತ್ತೇವೆಂದರೆ ಒಪ್ಪಬೇಡಿ, ಹಲಗೆಗೆ ಕಟ್ಟಿಸಿ ಚಪ್ಪಟೆಯಾಗಿಯೇ ತನ್ನಿ ಎಂದು ಸಾಬರು ನಿನ್ನೆಯೂ ಫೋನಿನಲ್ಲಿ ಹೇಳಿದರು.